ಕರುಳಿನಲ್ಲಿ ಸಿಕ್ಕ ಕ್ಯಾನ್ಸರ್ ಕೋಶದ ತವರು ಹುಡುಕುವುದು

ಎಂಡೋಸ್ಕೋಪಿಯಲ್ಲಿ ಜಠರದ ಗೋಡೆಯ ಮೇಲೊಂದು ಗುಬುಟು ಕಾಣುತ್ತದೆ. ಅದರ ಮೇಲಿನ ಲೋಳೆಪೊರೆ ಮಾತ್ರ ನುಣ್ಣಗೆ, ಗುಲಾಬಿ ಬಣ್ಣದಲ್ಲಿ, ಏನೂ ಆಗಿಲ್ಲವೆಂಬಂತೆ ಇರುತ್ತದೆ. ಫೋರ್ಸೆಪ್ಸ್ ಹಾಕಿ ನಾಲ್ಕು ಚೂರು ಕಿತ್ತು ಬಯಾಪ್ಸಿಗೆ ಕಳಿಸಿದರೆ 'ಜಠರದ ಉರಿಯೂತ, ಕ್ಯಾನ್ಸರ್ ಕಂಡುಬಂದಿಲ್ಲ' ಎಂದು ವರದಿ ಬರುತ್ತದೆ. ಮನೆಯವರಿಗೆ ನೆಮ್ಮದಿ. ಆದರೆ ಆ ವರದಿ ಹೇಳಿದ್ದು ಮೇಲಿನ ಹೊದಿಕೆಯ ಸಮಾಚಾರವನ್ನಷ್ಟೆ. ಗುಬುಟಿನ ಒಳಗೆ ಫೋರ್ಸೆಪ್ಸ್ ಹೋಗಿಯೇ ಇಲ್ಲ.

ಬೇರೆ ಅಂಗದ ಕ್ಯಾನ್ಸರ್ ಪಚನನಾಳಕ್ಕೆ ಹರಡಿದಾಗ ಆಗುವ ಮೊದಲ ಎಡವಟ್ಟು ಇದೇ. ಜಠರದ್ದೋ ಕರುಳಿನದ್ದೋ ಸ್ವಂತ ಕ್ಯಾನ್ಸರ್ ಆದರೆ ಅದು ಒಳಮೈಯ ಲೋಳೆಪೊರೆಯಲ್ಲಿ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಹೊರಗಿನಿಂದ ಬಂದದ್ದು ರಕ್ತದಲ್ಲಿ, ದುಗ್ಧನಾಳಗಳಲ್ಲಿ, ಇಲ್ಲವೇ ಹೊಟ್ಟೆಯ ಪೊರೆಯ ಮೇಲೆ ಹರಡಿಕೊಂಡು ಬಂದು ಗೋಡೆಯ ನಡುಪದರದಲ್ಲೋ ಹೊರಮೈಯಲ್ಲೋ ನೆಲೆಯೂರಿ, ಕೆಳಗಿನಿಂದ ಮೇಲಕ್ಕೆ ಉಬ್ಬುತ್ತದೆ. ಬೆಳೆದು ಬೆಳೆದು ಮೇಲಿನ ಪೊರೆ ಹರಿದಾಗ ನಡುವೆ ಗುಳಿ ಬಿದ್ದ ವಡೆಯ ಹಾಗೆ ಕಾಣುತ್ತದೆ. ಆ ಹಂತದಲ್ಲಿ ಗುಳಿಯ ಅಂಚಿನಿಂದ ತೆಗೆದ ಬಯಾಪ್ಸಿಯಲ್ಲೂ ಬ್ರಷ್ ಮಾದರಿಯಲ್ಲೂ ಕ್ಯಾನ್ಸರ್ ಸಿಗಬಹುದು. ಅದಕ್ಕೂ ಮುಂಚೆ ಬೇಕಾದದ್ದು ಸೂಜಿ.

ಹೀಗೆ ಬರುವವುಗಳಲ್ಲಿ ಕೆಲವಕ್ಕೆ ತಮ್ಮದೇ ಚಾಳಿ ಇದೆ. ಮೆಲನೋಮಾ, ಅಂದರೆ ಬಣ್ಣದ ಕೋಶಗಳ ಕ್ಯಾನ್ಸರ್, ಸಣ್ಣ ಕರುಳಿಗೆ ಹೋಗುವುದೇ ಹೆಚ್ಚು. ಸ್ತನ ಕ್ಯಾನ್ಸರಿನಲ್ಲಿ ಲೋಬ್ಯುಲಾರ್ ಎಂಬ ಬಗೆ, ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 10ರಿಂದ 15ರಷ್ಟು ಇರುವಂಥದ್ದು, ಜಠರವನ್ನು ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಗಂಟು ಕಟ್ಟದೆ ಗೋಡೆಯನ್ನೆಲ್ಲ ತೊಗಲಿನ ಚೀಲದಂತೆ ಬಿರುಸು ಮಾಡಿಬಿಡುತ್ತದೆ. ಶ್ವಾಸಕೋಶದ್ದು ಸಣ್ಣ ಕರುಳಿಗೆ ಬಂದರೆ ಕರುಳು ತೂತಾಗುವ ಭಯವಿದೆ. ಕಿಡ್ನಿಯದ್ದು ರಕ್ತಸ್ರಾವದ ಗಿರಾಕಿ. ಕಿಡ್ನಿ ತೆಗೆದು ಹತ್ತು ವರ್ಷ ಕಳೆದ ಮೇಲೂ ಜಠರದಲ್ಲೋ ಡಿಯೋಡಿನಂ ಎಂಬ ಸಣ್ಣ ಕರುಳಿನ ಮೊದಲ ಭಾಗದಲ್ಲೋ ತಲೆ ಎತ್ತುವುದುಂಟು. ಅಂಡಾಶಯದ ಕ್ಯಾನ್ಸರ್ ಹೊರಮೈಯಿಂದ ದೊಡ್ಡ ಕರುಳಿನ ಕೊನೆಯ ಭಾಗವನ್ನು ಅಪ್ಪಿಕೊಳ್ಳುತ್ತದೆ.

ಆದ್ದರಿಂದ ಸ್ಲೈಡ್ ನೋಡುವ ಪೆಥಾಲಜಿಸ್ಟ್ 'ಇದು ಕ್ಯಾನ್ಸರೇ?' ಎಂದು ಕೇಳಿಕೊಂಡರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಕೋಶ ಇಲ್ಲಿಯದೋ, ಬಂದದ್ದೋ, ಬಂದದ್ದಾದರೆ ಯಾವ ಮನೆಯಿಂದ ಎಂಬುದೇ ಪ್ರಶ್ನೆ. ಚಿಕಿತ್ಸೆ ಪೂರ್ತಿ ನಿಂತಿರುವುದು ಈ ಉತ್ತರದ ಮೇಲೆ. ಜಠರದ ಸ್ವಂತ ಕ್ಯಾನ್ಸರಿಗೆ ಜಠರವನ್ನೇ ತೆಗೆಯಬೇಕಾಗಬಹುದು. ಅದೇ ಸ್ತನದಿಂದ ಬಂದದ್ದಾದರೆ ಸಾಮಾನ್ಯವಾಗಿ ಜಠರ ತೆಗೆಯುವ ಪ್ರಶ್ನೆಯೇ ಇಲ್ಲ, ಹಾರ್ಮೋನ್ ತಡೆಯುವ ಗುಳಿಗೆಯಿಂದಲೇ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಹಿಡಿತದಲ್ಲಿಡಬಹುದು.

ಸೂಜಿ ಹೋಗುವ ದಾರಿ

ಸೂಜಿ ಹಾಕಲು ಬಳಸುವುದು ತುದಿಯಲ್ಲಿ ಅಲ್ಟ್ರಾಸೌಂಡ್ ಕೂರಿಸಿದ ಎಂಡೋಸ್ಕೋಪ್. ಆಸ್ಪತ್ರೆಗಳಲ್ಲಿ ಇದಕ್ಕೆ 'ಇಯುಎಸ್' ಎನ್ನುತ್ತಾರೆ. ಇದರ ಪರದೆಯ ಮೇಲೆ ಜಠರದ ಗೋಡೆ ಐದು ಪಟ್ಟಿಗಳಾಗಿ ಕಾಣುತ್ತದೆ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಒಳಗಿನಿಂದ ಎಣಿಸಿದರೆ ಮೊದಲೆರಡು ಲೋಳೆಪೊರೆ, ಮೂರನೆಯದು ಅದರ ಕೆಳಗಿನ ಸಡಿಲ ಪದರ, ನಾಲ್ಕನೆಯದು ಸ್ನಾಯು, ಐದನೆಯದು ಹೊರಮೈ. ಹರಡಿ ಬಂದ ಗಂಟು ಹೆಚ್ಚಾಗಿ ಮೂರು ಅಥವಾ ನಾಲ್ಕನೆಯ ಪಟ್ಟಿಯಲ್ಲಿ ಕಪ್ಪಗೆ ಕುಳಿತಿರುತ್ತದೆ. ತೊಡಕೇನೆಂದರೆ, ಜಿಸ್ಟ್ ಎಂಬ ಸ್ಥಳೀಯ ಗಂಟೂ ನಾಲ್ಕನೆಯ ಪಟ್ಟಿಯಲ್ಲೇ, ಅದೇ ಬಣ್ಣದಲ್ಲಿ ಇರುತ್ತದೆ. ಚಿತ್ರ ನೋಡಿಯೇ ಇಂಥದ್ದೆಂದು ಹೇಳಿಬಿಡುವವರನ್ನು ನಂಬದಿರುವುದು ಒಳ್ಳೆಯದು.

ಸೂಜಿ ಸಾಮಾನ್ಯವಾಗಿ 22 ಅಥವಾ 25 ಗೇಜಿನದು. 22 ಗೇಜ್ ಎಂದರೆ ಸುಮಾರು 0.7 ಮಿಲಿಮೀಟರ್ ದಪ್ಪ, 25 ಎಂದರೆ ಸುಮಾರು ಅರ್ಧ ಮಿಲಿಮೀಟರ್. ಸಂಖ್ಯೆ ದೊಡ್ಡದಾದಷ್ಟೂ ಸೂಜಿ ಸಣ್ಣದು. ಗಂಟಿನೊಳಗೆ ತೂರಿಸಿ, ಒಳಗಿನ ತಂತಿ ಎಳೆದು, ಬೇಕಿದ್ದರೆ 10 ಮಿಲಿ ಸಿರಿಂಜಿನಿಂದ ಹೀರಿಕೆ ಕೊಟ್ಟು, ಸೂಜಿಯನ್ನು ಗಂಟಿನೊಳಗೇ 10–20 ಸಲ ಹಿಂದೆ ಮುಂದೆ ಆಡಿಸುತ್ತಾರೆ. ಒಂದೇ ಗೆರೆಯಲ್ಲಿ ಆಡಿಸಿದರೆ ಒಂದೇ ಜಾಗದ ಕೋಶ ಬರುತ್ತದೆ. ಆದ್ದರಿಂದ ಬೀಸಣಿಗೆ ಬಿಚ್ಚಿದಂತೆ ಕೋನ ಬದಲಿಸುತ್ತ ಹೋಗಬೇಕು. ಹೊರಗೆಳೆಯುವ ಮುಂಚೆ ಹೀರಿಕೆ ನಿಲ್ಲಿಸಲೇಬೇಕು. ಮರೆತರೆ ದಾರಿಯಲ್ಲಿ ಸಿಗುವ ಜಠರದ ಲೋಳೆಪೊರೆಯೂ ಲೋಳೆಯೂ ಸೂಜಿಯೊಳಗೆ ಸೇರಿ, ಆಮೇಲೆ ಸ್ಲೈಡ್ ನೋಡುವವರ ದಾರಿ ತಪ್ಪಿಸುತ್ತವೆ.

ಕಿಡ್ನಿಯಿಂದ ಬಂದ ಗಂಟು ಎಂಬ ಅನುಮಾನವಿದ್ದರೆ ಹೀರಿಕೆಯನ್ನು ಪೂರ್ತಿ ಬಿಟ್ಟುಬಿಡುವುದು ಲೇಸು, ಏಕೆಂದರೆ ಅದು ರಕ್ತನಾಳಗಳ ಮುದ್ದೆ. ಹೀರಿದರೆ ಬರುವುದು ಬರೀ ರಕ್ತ. ತಂತಿಯನ್ನು ನಿಧಾನಕ್ಕೆ ಎಳೆಯುತ್ತ ಹೋದರೆ ಹುಟ್ಟುವ ಸಣ್ಣ ಎಳೆತವೇ ಅಲ್ಲಿ ಸಾಕು. ದೊಡ್ಡ ಗಂಟಿನ ನಡುಭಾಗ ಸತ್ತು ಕೊಳೆತಿದ್ದರೆ ಸೂಜಿ ಅಂಚಿಗೆ ಗುರಿಯಿಡಬೇಕು; ನಡುವೆ ಚುಚ್ಚಿದರೆ ಕೋಶದ ಹೆಣಗಳಷ್ಟೆ ಬರುತ್ತವೆ. ಬಿರುಸಾದ ಜಠರದ ಗೋಡೆ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ನಾರೇ ಹೆಚ್ಚು, ಕೋಶ ಕಡಿಮೆ. ಎಳೆಯಂಥ ತುಣುಕನ್ನೇ ಕತ್ತರಿಸಿ ತರುವ ಹೊಸ ಬಗೆಯ ಬಯಾಪ್ಸಿ ಸೂಜಿಗಳು ಇಂಥಲ್ಲಿ ಮಾಮೂಲಿ ಸೂಜಿಗಿಂತ ವಾಸಿ.

ಇಯುಎಸ್ ಎಲ್ಲ ಕಡೆಗೂ ಹೋಗುವುದಿಲ್ಲ. ಅನ್ನನಾಳ, ಜಠರ, ಡಿಯೋಡಿನಂ, ಆಚೆ ತುದಿಯಿಂದ ಗುದನಾಳ ಮತ್ತು ಅದರ ಪಕ್ಕದ ಒಂದಿಷ್ಟು ಕರುಳು, ಇಷ್ಟೇ ಅದರ ಸರಹದ್ದು. ಮೆಲನೋಮಾ ಮೆಚ್ಚುವ ಸಣ್ಣ ಕರುಳಿನ ನಡುಭಾಗ ಕೈಗೆಟುಕದು. ಅಲ್ಲಿ ಗೋಡೆ ದಪ್ಪವಾಗಿ ಗಂಟು ಕಟ್ಟಿದ್ದರೆ ಹೊಟ್ಟೆಯ ಹೊರಗಿನಿಂದ ಸಿಟಿ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಸಣ್ಣ ಸೂಜಿ ಹಾಕಬಹುದು. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಆ ನೀರೇ ಮಾದರಿ. ಎಲ್ಲಕ್ಕಿಂತ ಸುಲಭದ ದಾರಿಯೂ ಅದೇ.

ಸೂಜಿಗೆ ಮುಂಚೆ ರಕ್ತ ತೆಳುವಾಗಿಸುವ ಮಾತ್ರೆಗಳ ಲೆಕ್ಕ ಒಪ್ಪಿಸಬೇಕು. ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಕ್ಲೊಪಿಡೊಗ್ರೆಲ್ ಅನ್ನು 5ರಿಂದ 7 ದಿನ, ವಾರ್ಫರಿನ್ ಅನ್ನು 5 ದಿನ ಮುಂಚೆ ನಿಲ್ಲಿಸುವುದು ರೂಢಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ಹೃದಯದ ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.

ಸ್ಲೈಡಿನ ಮೇಲಿನ ಕೆಲವು ಸೆಕೆಂಡ್

ಒಳ್ಳೆಯ ಮಾದರಿ ಹಾಳಾಗುವುದು ಹೆಚ್ಚಾಗಿ ಸೂಜಿ ಹೊರಗೆ ಬಂದ ಮೇಲೆ. ಸೂಜಿಯೊಳಗಿನದನ್ನು ತಂತಿಯಿಂದಲೋ ಗಾಳಿಯಿಂದಲೋ ಸ್ಲೈಡಿನ ಒಂದು ತುದಿಗೆ ಸಣ್ಣ ಹನಿಯಾಗಿ ಬೀಳಿಸಿ, ಇನ್ನೊಂದು ಸ್ಲೈಡನ್ನು ಅದರ ಮೇಲೆ ಮೆಲ್ಲಗೆ ಇಟ್ಟು, ಹನಿ ತಾನಾಗಿ ಹರಡಿದ ಕೂಡಲೇ ಒತ್ತದೆ ಎಳೆಯಬೇಕು. ಹನಿ ದೊಡ್ಡದಾದರೆ ಕೋಶಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದು. ಒತ್ತಿ ಎಳೆದರೆ ಕೋಶಕೇಂದ್ರಗಳು ನೀಲಿ ದಾರಗಳಂತೆ ಎಳೆದುಕೊಳ್ಳುತ್ತವೆ. ಶ್ವಾಸಕೋಶದ ಸ್ಮಾಲ್ ಸೆಲ್ ಕ್ಯಾನ್ಸರ್ ಮತ್ತು ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್, ಇವೆರಡರ ಕೋಶಗಳು ಮೊದಲೇ ನಾಜೂಕು. ಅವು ಜಜ್ಜಿಹೋದರೆ ಅವೆರಡನ್ನು ಬೇರ್ಪಡಿಸುವುದು ಆ ಸ್ಲೈಡಿನಲ್ಲಂತೂ ಆಗದ ಮಾತು.

ಎರಡು ಬಗೆಯ ಸ್ಲೈಡ್ ಬೇಕು. ಒಂದನ್ನು ಗಾಳಿಯಲ್ಲಿ ಒಣಗಿಸಿ ಗೀಮ್ಸಾ ಬಗೆಯ ಬಣ್ಣ ಹಾಕುತ್ತಾರೆ. ಇನ್ನೊಂದು ಒದ್ದೆಯಿರುವಾಗಲೇ 95% ಆಲ್ಕೋಹಾಲಿನಲ್ಲಿ ಮುಳುಗಿ ಪಾಪನಿಕೊಲಾವ್ ಬಣ್ಣಕ್ಕೆ ಹೋಗಬೇಕು. 'ಒದ್ದೆಯಿರುವಾಗಲೇ' ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಿ. ಲೇಬಲ್ ಬರೆಯುತ್ತ ಕೆಲವು ಸೆಕೆಂಡ್ ತಡಮಾಡಿದರೂ ಕೋಶ ಒಣಗಿ ಊದಿಕೊಂಡು, ಕೋಶಕೇಂದ್ರದ ಒಳವಿವರ ಮಸುಕಾಗುತ್ತದೆ. ಹೆಸರನ್ನು ಪೆನ್ಸಿಲಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ದೊಡ್ಡ ಆಸ್ಪತ್ರೆಗಳಲ್ಲಿ ಪೆಥಾಲಜಿಸ್ಟ್ ಎಂಡೋಸ್ಕೋಪಿ ಕೋಣೆಗೇ ಸೂಕ್ಷ್ಮದರ್ಶಕ ತಂದು, ಒಣಗಿದ ಸ್ಲೈಡಿಗೆ ಒಂದೆರಡು ನಿಮಿಷದಲ್ಲಿ ಬಣ್ಣ ಹಾಕಿ, 'ಕೋಶ ಸಾಕು' ಅಥವಾ 'ಇನ್ನೊಂದು ಸಲ ಚುಚ್ಚಿ' ಎಂದು ಅಲ್ಲೇ ಹೇಳುತ್ತಾರೆ. ಇದರ ನಿಜವಾದ ಲಾಭ ಬೇರೆಯೇ ಇದೆ. ಮೊದಲ ಸ್ಲೈಡ್ ನೋಡಿ 'ಇದು ಇಲ್ಲಿಯದಲ್ಲ ಅನ್ನಿಸುತ್ತಿದೆ' ಎಂದು ಅನುಮಾನ ಬಂದರೆ ಮುಂದಿನ ಚುಚ್ಚುವಿಕೆಯ ಮಾದರಿಯನ್ನು ಪೂರ್ತಿಯಾಗಿ ಸೆಲ್ ಬ್ಲಾಕಿಗೆ ಎತ್ತಿಡಬಹುದು. ಲಿಂಫೋಮಾ ಅನ್ನಿಸಿದರೆ ಕೋಶ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕದೆ ಸಲೈನಿನಲ್ಲಿ, ಅಂದರೆ ಉಪ್ಪುನೀರಿನಲ್ಲಿ, ಕೋಶಗಳನ್ನು ಒಂದೊಂದಾಗಿ ಗುರುತಿಸುವ ಫ್ಲೋ ಸೈಟೊಮೆಟ್ರಿಗೆ ಕಳಿಸಬಹುದು; ಫಾರ್ಮಲಿನ್ ಮುಟ್ಟಿದ ಮಾದರಿ ಆ ಪರೀಕ್ಷೆಗೆ ಒದಗುವುದಿಲ್ಲ.

ಸೆಲ್ ಬ್ಲಾಕ್ ಎಂದರೆ ಸೂಜಿಯನ್ನು ತೊಳೆದಾಗ ಬರುವ ಕೋಶಗಳನ್ನೆಲ್ಲ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಕೆಳಗೆ ಕೂರಿಸಿ, ಪ್ಲಾಸ್ಮಾ ಮತ್ತು ತ್ರಾಂಬಿನ್ ಹನಿಗಳಿಂದ ಮೊಸರಿನಂತೆ ಹೆಪ್ಪುಗಟ್ಟಿಸಿ, ಬಯಾಪ್ಸಿ ತುಣುಕಿನ ಹಾಗೆಯೇ ಮೇಣದಲ್ಲಿ ಕೂರಿಸುವುದು. ಆಮೇಲೆ ಅದರಿಂದ 4–5 ಮೈಕ್ರಾನ್ ದಪ್ಪದ ಹಾಳೆಗಳನ್ನು ಕತ್ತರಿಸಬಹುದು. ಇಲ್ಲೊಂದು ಮಾಮೂಲಿ ತಪ್ಪು: ಕೋಶಗಳನ್ನು ಮೊದಲೇ ಫಾರ್ಮಲಿನ್‌ಗೆ ಹಾಕಿ, ತೊಳೆಯದೆ ತ್ರಾಂಬಿನ್ ಬೆರೆಸುವುದು. ಹೆಪ್ಪು ಕಟ್ಟುವುದಿಲ್ಲ, ಕೋಶಗಳೆಲ್ಲ ಚೆದುರಿಹೋಗುತ್ತವೆ.

ಕೋಶದ ಮುಖ ಚಹರೆ

ಸೂಕ್ಷ್ಮದರ್ಶಕದ ಕೆಳಗೆ ಮೊದಲು ಕಣ್ಣಿಗೆ ಬೀಳುವುದು ಹೆಚ್ಚಾಗಿ ಕ್ಯಾನ್ಸರ್ ಅಲ್ಲ. ಸೂಜಿ ದಾಟಿ ಬಂದ ದಾರಿಯ ಸಹಜ ಕೋಶಗಳು ಜೇನುಗೂಡಿನಂತೆ ಒತ್ತೊತ್ತಾಗಿ, ಸಮನಾಗಿ, ಹಾಳೆ ಹಾಸಿದಂತೆ ಇರುತ್ತವೆ. ಡಿಯೋಡಿನಂ ದಾಟಿದ್ದರೆ ಆ ಹಾಳೆಯಲ್ಲಿ ಅಲ್ಲಲ್ಲಿ ಲೋಳೆ ತುಂಬಿದ ಗಾಬ್ಲೆಟ್ ಕೋಶಗಳು ತೂತುಗಳಂತೆ ಕಾಣುತ್ತವೆ. ಇವನ್ನು ಗುರುತಿಸಿ ಪಕ್ಕಕ್ಕಿಟ್ಟ ಮೇಲಷ್ಟೇ ಉಳಿದವನ್ನು ನೋಡಬೇಕು. ಹುಣ್ಣಿನ ಪಕ್ಕದ, ಅಥವಾ ರೇಡಿಯೇಷನ್ ಪಡೆದ ಜಾಗದ ಕೋಶಗಳೂ ದೊಡ್ಡದಾಗಿ ವಿಕಾರವಾಗಿ ಕಂಡು ಹೆದರಿಸುತ್ತವೆ. ಆದರೆ ಅವುಗಳಲ್ಲಿ ಕೋಶಕೇಂದ್ರದ ಜೊತೆಗೆ ಇಡೀ ಕೋಶವೂ ದೊಡ್ಡದಾಗಿರುತ್ತದೆ. ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕೇಂದ್ರವೇ ಕೋಶವನ್ನು ನುಂಗಿಕೊಂಡಂತಿರುತ್ತದೆ.

ಮೆಲನೋಮಾದ ಕೋಶಗಳಿಗೆ ಒಂದಕ್ಕೊಂದು ನಂಟಿಲ್ಲ, ಒಂಟೊಂಟಿಯಾಗಿ ಬಿದ್ದಿರುತ್ತವೆ. ಎರಡು ಕೇಂದ್ರಗಳಿರುವ ಕೋಶದಲ್ಲಿ ಅವು ಎರಡು ಬದಿಗೆ ಸರಿದು, ಪ್ರತಿಯೊಂದರ ನಡುವೆ ದಪ್ಪ ಚುಕ್ಕೆಯೊಂದು ಕುಳಿತಿರುತ್ತದೆ. ಹಳ್ಳಿ ಜಾತ್ರೆಯ ಬೆದರುಗೊಂಬೆಯ ಕಣ್ಣುಗಳಂತೆ ನಮ್ಮನ್ನೇ ದಿಟ್ಟಿಸುತ್ತವೆ. ಕಂದು ಬಣ್ಣದ ಪುಡಿ ಕಂಡರೆ ಕೆಲಸ ಸುಲಭ. ಆದರೆ ಬಣ್ಣವೇ ಇಲ್ಲದ ಮೆಲನೋಮಾಗಳೂ ಇವೆ. ಅವು ಕ್ಯಾನ್ಸರ್ ಲೋಕದ ಬಹುರೂಪಿಗಳು: ಒಮ್ಮೆ ಲಿಂಫೋಮಾ ವೇಷ, ಒಮ್ಮೆ ಜಿಸ್ಟ್ ವೇಷ.

ಕಿಡ್ನಿಯಿಂದ ಬಂದವಕ್ಕೆ ನೊರೆಯಂಥ ತೆಳು ಮೈ, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ. ಮೈ ಒಡೆದು ಹೋಗಿ ರಕ್ತದ ನಡುವೆ ಬರೀ ಕೇಂದ್ರಗಳು ಉಳಿದಿರುವುದೂ ಉಂಟು. ಸ್ಮಾಲ್ ಸೆಲ್‌ನದ್ದು ತುಂಬಿದ ಬಸ್ಸಿನ ಪ್ರಯಾಣಿಕರಂತೆ, ಪಕ್ಕದವನ ಆಕಾರಕ್ಕೆ ತನ್ನ ಮೈ ಬಗ್ಗಿಸಿಕೊಂಡಿರುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವುದು ಸ್ತನದ ಲೋಬ್ಯುಲಾರ್. ಕೋಶ ಚಿಕ್ಕದು, ಸಾಧುವಾಗಿ ಕಾಣುತ್ತದೆ, ಇರುವೆಯ ಸಾಲಿನಂತೆ ಒಂದರ ಹಿಂದೊಂದು ನಿಂತಿರುತ್ತದೆ. ಉರಿಯೂತದ ಕೋಶಗಳ ನಡುವೆ ಸೇರಿಕೊಂಡರೆ ಕಣ್ಣು ಹಾಯಿಸಿಕೊಂಡು ಮುಂದೆ ಹೋಗಿಬಿಡಬಹುದು. ಕೆಲವು ಕೋಶಗಳಲ್ಲಿ ಲೋಳೆಯ ಗುಳ್ಳೆ ಕೇಂದ್ರವನ್ನು ಬದಿಗೊತ್ತಿ ಮುದ್ರೆಯುಂಗುರದಂತೆ ಮಾಡಿರುತ್ತದೆ. ಜಠರದ ಸ್ವಂತ ಸಿಗ್ನೆಟ್ ರಿಂಗ್ ಕ್ಯಾನ್ಸರಿನ ಕೋಶವೂ ಹೀಗೆಯೇ ಇರುತ್ತದೆ. ಇಬ್ಬರ ಜಠರವೂ ಎಂಡೋಸ್ಕೋಪಿಯಲ್ಲಿ ಒಂದೇ ಥರ ಬಿರುಸು. ಕಣ್ಣಿಗಷ್ಟೇ ಬಿಟ್ಟರೆ ಎಂಥ ಅನುಭವಿಯೂ ಇಲ್ಲಿ ಎಡವಬಹುದು.

ಬಣ್ಣ ಹೇಳುವ ಸಾಕ್ಷಿ

ಇಲ್ಲಿ ಕೈಹಿಡಿಯುವುದು ಇಮ್ಯುನೊ ಪರೀಕ್ಷೆ, ಅಂದರೆ ಐಎಚ್‌ಸಿ. ಒಂದೊಂದು ಅಂಗದ ಕೋಶ ತನ್ನದೇ ಕೆಲವು ಪ್ರೋಟೀನುಗಳನ್ನು ಹೊತ್ತಿರುತ್ತದೆ. ಊರು ಬಿಟ್ಟರೂ ಮಾತಿನ ಧಾಟಿ ಬಿಡದವರ ಹಾಗೆ. ಆ ಪ್ರೋಟೀನಿಗೆ ಅಂಟುವ ಆಂಟಿಬಾಡಿಯನ್ನು ಹಾಳೆಯ ಮೇಲೆ ಹಾಕಿದರೆ, ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಮೂಡುತ್ತದೆ. ಸ್ತನಕ್ಕೆ ಗಾಟಾ3 ಮತ್ತು ಈಸ್ಟ್ರೊಜನ್ ರಿಸೆಪ್ಟರ್, ಶ್ವಾಸಕೋಶದ ಅಡಿನೋಕಾರ್ಸಿನೋಮಾಕ್ಕೆ (ಗ್ರಂಥಿ ಬಗೆಯ ಕ್ಯಾನ್ಸರಿಗೆ) ಟಿಟಿಎಫ್1 ಮತ್ತು ನ್ಯಾಪ್ಸಿನ್-ಎ, ಕಿಡ್ನಿಗೂ ಅಂಡಾಶಯಕ್ಕೂ ಪ್ಯಾಕ್ಸ್8, ಮೆಲನೋಮಾಕ್ಕೆ ಎಸ್100, ಸಾಕ್ಸ್10, ಎಚ್‌ಎಂಬಿ45, ಪ್ರಾಸ್ಟೇಟಿಗೆ ಎನ್‌ಕೆಎಕ್ಸ್3.1. ಕರುಳಿನ ಸ್ವಂತ ಗುರುತು ಸಿಡಿಎಕ್ಸ್2, ಸಿಕೆ20, ಸ್ಯಾಟ್‌ಬಿ2. ಜಿಸ್ಟ್ ಆದರೆ ಸಿಡಿ117 ಮತ್ತು ಡಾಗ್1.

ಯಾವ ಗುರುತೂ ಒಂಟಿಯಾಗಿ ನಂಬಿಕಸ್ಥನಲ್ಲ. ಮೆಲನೋಮಾದಲ್ಲೂ ಸಿಡಿ117 ಬಣ್ಣ ಬರುವುದುಂಟು. ಅದನ್ನಷ್ಟೇ ನೋಡಿ ಜಿಸ್ಟ್ ಎಂದು ಬರೆದರೆ ಕೆಟ್ಟಿತು. ಗಾಟಾ3 ಸ್ತನದಲ್ಲಿ ಮಾತ್ರವಲ್ಲ, ಮೂತ್ರಕೋಶದ ಕ್ಯಾನ್ಸರಿನಲ್ಲೂ ಇರುತ್ತದೆ. ಸಿಡಿಎಕ್ಸ್2 ಅಂಡಾಶಯದ ಲೋಳೆ ಬಗೆಯ ಗಂಟುಗಳಲ್ಲಿ ಕಾಣಿಸಿಕೊಳ್ಳಬಹುದು. ಅನ್ನನಾಳದ ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಕ್ಯಾನ್ಸರ್ ಮತ್ತು ಶ್ವಾಸಕೋಶದ ಸ್ಕ್ವೇಮಸ್ ಕ್ಯಾನ್ಸರ್ ಎರಡರಲ್ಲೂ ಪಿ40 ಬಣ್ಣ ಬರುತ್ತದೆ. ಅವೆರಡರ ನಡುವಿನ ಜಗಳವನ್ನು ಸ್ಲೈಡ್ ಬಗೆಹರಿಸದು. ಸಿಟಿ ಚಿತ್ರ, ರೋಗಿಯ ಚರಿತ್ರೆ ಎರಡನ್ನೂ ಕೂಡಿಸಿ ನೋಡಬೇಕು. ಆದ್ದರಿಂದ ಒಂದು ಬರುತ್ತದೆಂದು ನಿರೀಕ್ಷಿಸುವ, ಇನ್ನೊಂದು ಬರಬಾರದೆಂದು ನಿರೀಕ್ಷಿಸುವ ಗುರುತುಗಳನ್ನು ಜೋಡಿಯಾಗಿ ಹಾಕುವುದು ಪದ್ಧತಿ. ಲೋಬ್ಯುಲಾರ್ ಎಂಬ ಅನುಮಾನವಿದ್ದರೆ ಗಾಟಾ3, ಈಸ್ಟ್ರೊಜನ್ ರಿಸೆಪ್ಟರ್ ಬಂದು, ಸಿಡಿಎಕ್ಸ್2, ಸಿಕೆ20 ಬರದಿದ್ದರೆ ಸಾಕ್ಷಿ ಗಟ್ಟಿ. ಇ-ಕ್ಯಾಡ್‌ಹೆರಿನ್ ಎಂಬ ಅಂಟು ಪ್ರೋಟೀನ್ ಲೋಬ್ಯುಲಾರ್‌ನಲ್ಲಿ ಸಾಮಾನ್ಯವಾಗಿ ಇಲ್ಲವಾಗಿರುತ್ತದೆ. ಕೋಶಗಳು ಒಂಟೊಂಟಿಯಾಗಿ ನಡೆಯುವುದೂ ಅದಕ್ಕೇ. ಆದರೆ ಜಠರದ ಚೆದುರು ಬಗೆಯ ಕ್ಯಾನ್ಸರಿನಲ್ಲೂ ಅದು ಕಾಣೆಯಾಗಬಹುದು, ಹಾಗಾಗಿ ಇಲ್ಲಿ ಅದರ ತೀರ್ಪಿಗೆ ತೂಕ ಕಡಿಮೆ.

ಪ್ರತಿ ಆಂಟಿಬಾಡಿಗೂ ಒಂದು ಹಾಳೆ ಖರ್ಚು. ಸೆಲ್ ಬ್ಲಾಕಿನಲ್ಲಿರುವುದು ಸಾಸಿವೆಯಷ್ಟು ಸಾಮಗ್ರಿ. ಇವತ್ತು ಎರಡು ಪರೀಕ್ಷೆ, ನಾಳಿದ್ದು ಮೂರು ಎಂದು ಬ್ಲಾಕನ್ನು ಮತ್ತೆ ಮತ್ತೆ ಯಂತ್ರಕ್ಕೆ ಏರಿಸಿದರೆ ಪ್ರತಿ ಸಲವೂ ಮೇಲ್ಮೈ ಸಮ ಮಾಡುವುದರಲ್ಲೇ ಒಂದಿಷ್ಟು ಕೋಶ ಕಸದ ಪಾಲು. ತಿಳಿದವರು ಮೊದಲ ಸಲವೇ 10–15 ಹಾಳೆ ಕತ್ತರಿಸಿ ಬಣ್ಣ ಹಾಕದೆ ಎತ್ತಿಡುತ್ತಾರೆ. ಮೆಲನೋಮಾಕ್ಕೆ ಬಿರಾಫ್, ಶ್ವಾಸಕೋಶಕ್ಕೆ ಇಜಿಎಫ್ಆರ್ ಮತ್ತು ಆಲ್ಕ್ ಎಂಬ ಜೀನ್ ಪರೀಕ್ಷೆಗಳಿಗೂ ಸಾಮಗ್ರಿ ಸಿಗುವುದು ಅಲ್ಲಿಂದಲೇ. ಇನ್ನೊಂದು ಗುಟ್ಟು: ಆಲ್ಕೋಹಾಲಿನಲ್ಲಿ ಇಟ್ಟ ಕೋಶಗಳಲ್ಲಿ ಎಸ್100, ಈಸ್ಟ್ರೊಜನ್ ರಿಸೆಪ್ಟರ್ ಇವುಗಳ ಬಣ್ಣ ಇದ್ದರೂ ಬರದೆ ಹೋಗಬಹುದು. ಹಾರ್ಮೋನ್ ಪರೀಕ್ಷೆಗೆ ಮಾದರಿ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಬೇಕೆಂಬ ನಿಯಮವಿದೆ. 'ರಿಸೆಪ್ಟರ್ ನೆಗೆಟಿವ್' ಎಂಬ ವರದಿ ಹಿಡಿದು ಗುಳಿಗೆ ತಪ್ಪಿಸುವ ಮುಂಚೆ ಕೋಶವನ್ನು ಯಾವುದರಲ್ಲಿ ಇಟ್ಟಿದ್ದರೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಕೋರಿಕೆ ಚೀಟಿಯ ಒಂದು ಸಾಲು

ಇಷ್ಟೆಲ್ಲ ಆಂಟಿಬಾಡಿಗಳಿಗಿಂತ ಅಗ್ಗದ, ಹಲವು ಸಲ ಅವಕ್ಕಿಂತ ಬಲವಾದ ಸುಳಿವು ಪರೀಕ್ಷೆಯ ಚೀಟಿಯಲ್ಲಿರಬೇಕು. 'ಜಠರದ ಗಂಟು, ಎಫ್ಎನ್ಎಸಿ (ಸೂಜಿ ಪರೀಕ್ಷೆ) ಮಾಡಿ' ಎಂದಷ್ಟೇ ಬರೆದ ಚೀಟಿ ಬಂದರೆ ಪೆಥಾಲಜಿಸ್ಟ್ ಸಹಜವಾಗಿ ಜಠರದ ಕ್ಯಾನ್ಸರನ್ನೇ ಹುಡುಕುತ್ತಾರೆ. ಅದೇ ಚೀಟಿಯಲ್ಲಿ '2012ರಲ್ಲಿ ಎಡ ಕಿಡ್ನಿ ತೆಗೆದಿದೆ' ಎಂದಿದ್ದರೆ ನೋಡುವ ದಿಕ್ಕೇ ಬೇರೆ. ರೋಗಿಗಳೂ ಮರೆತಿರುತ್ತಾರೆ, ಅಥವಾ 'ಅದು ವಾಸಿಯಾಗಿ ಎಷ್ಟೋ ವರ್ಷವಾಯಿತಲ್ಲ, ಹೊಟ್ಟೆಗೂ ಅದಕ್ಕೂ ಏನು ಸಂಬಂಧ' ಎಂದು ಹೇಳದೆ ಬಿಡುತ್ತಾರೆ. ಕೇಳುವವರು 'ಮೊದಲು ಕ್ಯಾನ್ಸರ್ ಇತ್ತಾ?' ಎಂದರೆ 'ಇಲ್ಲ' ಎಂಬ ಉತ್ತರ ಬರಬಹುದು. 'ಯಾವುದಾದರೂ ಗೆಡ್ಡೆ, ಗಂಟು, ಮಚ್ಚೆ ತೆಗೆಸಿದ್ದಿರಾ? ಕಾಲಿನ ಬೆರಳೇನಾದರೂ ತೆಗೆದಿದ್ದಾರಾ?' ಎಂದು ಕೇಳಬೇಕು. ನಮ್ಮ ಕಡೆಯ ಚರ್ಮಗಳಲ್ಲಿ ಮೆಲನೋಮಾ ಮೂಡುವುದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿಯಲ್ಲಿ. ವಾಸಿಯಾಗದ ಕಪ್ಪು ಹುಣ್ಣೆಂದು ಬೆರಳು ತೆಗೆಸಿಕೊಂಡವರಿಗೆ ಅದು ಕ್ಯಾನ್ಸರ್ ಎಂದು ಯಾರೂ ಬಿಡಿಸಿ ಹೇಳದಿರುವ ಸಾಧ್ಯತೆಯೂ ಇದೆ. ಗುದದ್ವಾರದ ಬಳಿಯ ಮೆಲನೋಮಾ ಮಾತ್ರ ಬೇರೆ ಲೆಕ್ಕ. ಅದು ಅಲ್ಲಿಯೇ ಹುಟ್ಟಬಲ್ಲದು, ಬಂದದ್ದೆಂದು ಊಹಿಸಬಾರದು.

ಹಳೆಯ ಆಪರೇಷನ್ ಆದ ಆಸ್ಪತ್ರೆಯಲ್ಲಿ ಮೇಣದ ಬ್ಲಾಕು, ಸ್ಲೈಡುಗಳನ್ನು ಸಾಮಾನ್ಯವಾಗಿ ವರ್ಷಗಟ್ಟಲೆ ಇಟ್ಟಿರುತ್ತಾರೆ. ಬಯಾಪ್ಸಿ ನಂಬರ್ ಇರುವ ಹಳೆಯ ವರದಿ ತೋರಿಸಿ, ಪೆಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟು ಎರವಲು ಪಡೆಯಬಹುದು. ವರದಿಯ ಜೆರಾಕ್ಸ್ ಒಂದೇ ಸಾಲದು. ಹಳೆಯ ಸ್ಲೈಡನ್ನೂ ಇವತ್ತಿನ ಸ್ಲೈಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎರಡರ ಕೋಶಗಳೂ ಒಂದೇ ಅಚ್ಚಿನವಾಗಿದ್ದರೆ ಹತ್ತು ಆಂಟಿಬಾಡಿ ಬೇಕಾಗುವುದಿಲ್ಲ, ಎರಡು ಮೂರರಲ್ಲಿ ಖಚಿತವಾಗುತ್ತದೆ. ಬ್ಲಾಕನ್ನು ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ; ಅದು ಮೇಣ, ಕರಗುತ್ತದೆ.